ಲಿವರ್‌ಗೆ ಹರಡಿದ ಕ್ಯಾನ್ಸರ್: ತಾರೀಖು ಮುಂದೆ ಹೋಗುತ್ತಿದ್ದರೆ ಏನು ಕೇಳಬೇಕು, ಯಾರನ್ನು ಕೇಳಬೇಕು

ಪ್ರಶ್ನೆ: ನನ್ನ ಅಕ್ಕನಿಗೆ 54 ವರ್ಷ. ಭಾವನ ಜೊತೆ ಮುಂಬಯಿ ಬಳಿಯ ಡೊಂಬಿವಲಿಯಲ್ಲಿದ್ದಾರೆ, ಊರು ಕುಂದಾಪುರದ ಕಡೆ. ಕಳೆದ ವರ್ಷ ದೊಡ್ಡ ಕರುಳಿನ ಎಡಭಾಗದ ಕ್ಯಾನ್ಸರ್ ಗಡ್ಡೆಯನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಬಳಿಕ ಆಕ್ಸಾಲಿಪ್ಲಾಟಿನ್ ಸೇರಿದ ಕೀಮೋ ಕೊಟ್ಟರು. ಅದು ಮುಗಿದ ಎಂಟು ತಿಂಗಳಿಗೆ ರಕ್ತದಲ್ಲಿ ಕರುಳಿನ ಕ್ಯಾನ್ಸರಿನ ಸುಳಿವು ಕೊಡುವ ಸಿಇಎ 48ಕ್ಕೆ ಏರಿತು. ಪೆಟ್ ಸ್ಕ್ಯಾನ್‌ನಲ್ಲಿ ಲಿವರ್‌ನ ಬಲಭಾಗದಲ್ಲಿ ಎರಡು, ಎಡಭಾಗದಲ್ಲಿ ಒಂದು ಕಲೆ ಕಂಡವು, ದೊಡ್ಡದು 3.2 ಸೆಂ.ಮೀ. ಬೇರೆಲ್ಲೂ ಇಲ್ಲ. ಹತ್ತಿರದ ಖಾಸಗಿ ಆಸ್ಪತ್ರೆಯ ವೈದ್ಯರು ‘ನಾಲ್ಕನೆಯ ಹಂತ, ಇನ್ನು ಕೀಮೋ ಮಾತ್ರ’ ಎಂದು ಹಳೆಯ ಔಷಧಗಳನ್ನೇ ಮತ್ತೆ ಶುರು ಮಾಡಿದರು. ಎರಡನೆಯ ಡೋಸನ್ನು ಪ್ಲೇಟ್‌ಲೆಟ್ 68,000 ಇದೆ ಎಂದು ಎರಡು ಸಲ ಮುಂದೂಡಿದ್ದಾರೆ. ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದರೆ ಎಂಆರ್‌ಐ ಮಾಡಿಸಬೇಕೆಂದರು. ತಾರೀಖು ಸಿಕ್ಕಿದ್ದು ಮೂರು ವಾರದ ನಂತರ. ಕಲೆ ಕಂಡು ಆಗಲೇ ಆರು ವಾರ ಕಳೆದಿದೆ. ಬೇರೆಡೆ ತೋರಿಸಿದ್ದು ಗೊತ್ತಾದರೆ ವೈದ್ಯರು ಕೋಪಿಸಿಕೊಳ್ಳುತ್ತಾರೆಂದು ಭಾವನಿಗೆ ಅಂಜಿಕೆ. ಮಂಗಳೂರಿಗೆ ಕರೆತನ್ನಿ ಎಂದು ಚಿಕ್ಕಮ್ಮ ಹೇಳುತ್ತಾರೆ, ಕಷಾಯ ಕೊಡಿ ಎಂದು ಮಾವ. ಅಕ್ಕನಿಗೆ ‘ಲಿವರ್‌ನಲ್ಲಿ ಸೋಂಕು’ ಎಂದಷ್ಟೇ ತಿಳಿಸಿದ್ದೇವೆ. ಡಿಸೆಂಬರಿನಲ್ಲಿ ಊರಿನಲ್ಲಿ ಅವರ ಮಗಳ ನಿಶ್ಚಿತಾರ್ಥ ಬೇರೆ ಇದೆ. ಏನು ಮಾಡಲಿ?

ಉತ್ತರ: ಆರು ವಾರ ಕಳೆದದ್ದರಿಂದ ಬಾಗಿಲು ಮುಚ್ಚಿಹೋಯಿತೆಂದು ತಿಳಿಯಬೇಡಿ. ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಬೇರೆಯೇ ಸಂಗತಿ. ಇಷ್ಟು ದಿನಗಳಲ್ಲಿ ನಿಮ್ಮ ಅಕ್ಕನ ಸ್ಕ್ಯಾನನ್ನು ಲಿವರ್ ಶಸ್ತ್ರಚಿಕಿತ್ಸೆಯಲ್ಲೇ ಪಳಗಿದ ಸರ್ಜನ್ ಒಬ್ಬರೂ ನೋಡಿದಂತಿಲ್ಲ. ಕರುಳಿನ ಕ್ಯಾನ್ಸರ್ ಲಿವರ್‌ಗೆ ಮಾತ್ರ ಹರಡಿ, ಮೂರೇ ಕಲೆಗಳಿದ್ದು, ರೋಗಿಗೆ 54 ವರ್ಷವಾಗಿದ್ದಾಗ ಮೊದಲು ಕೇಳಬೇಕಾದದ್ದು ‘ಇವನ್ನು ತೆಗೆಯಲು ಬರುತ್ತದೆಯೇ’ ಎಂಬುದು. ಅದಕ್ಕೆ ‘ಬರುವುದಿಲ್ಲ’ ಎಂಬ ಉತ್ತರ ಬರಬಹುದು. ಆದರೆ ಆ ಮಾತನ್ನು ಹೇಳಬೇಕಾದವರು ಸರ್ಜನ್. ಕೀಮೋ ವೈದ್ಯರು ಒಬ್ಬರೇ ಕುಳಿತು ತೀರ್ಮಾನಿಸುವ ವಿಷಯ ಇದಲ್ಲ.

ರೋಗದ ಬಗ್ಗೆ ಒಂದೆರಡು ಮಾತು. ಕರುಳಿನಿಂದ ಹೊರಡುವ ರಕ್ತವೆಲ್ಲ ಪೋರ್ಟಲ್ ಎಂಬ ದೊಡ್ಡ ರಕ್ತನಾಳದ ಮೂಲಕ ನೇರವಾಗಿ ಲಿವರ್‌ಗೆ ಬರುತ್ತದೆ. ಕರುಳಿನ ಗಡ್ಡೆಯಿಂದ ಕಳಚಿದ ಕಣಗಳಿಗೆ ಮೊದಲು ಎದುರಾಗುವ ಅಂಗವೇ ಅದು. ಹಾಗೆ ಬಂದು ನೆಲೆಯೂರಿದ್ದು ಲಿವರ್‌ನಲ್ಲಿದ್ದರೂ ಕರುಳಿನ ಕ್ಯಾನ್ಸರೇ. ಔಷಧಗಳೂ ಕರುಳಿನ ಕ್ಯಾನ್ಸರಿನವೇ. ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರಿನ ದಾರಿ ಬೇರೆ, ಅದರ ಮಾತ್ರೆಗಳೂ ಬೇರೆ. ಮೊಬೈಲಿನಲ್ಲಿ ‘ಲಿವರ್ ಕ್ಯಾನ್ಸರ್’ ಎಂದು ಹುಡುಕಿ ಓದಿದ್ದರಲ್ಲಿ ಬಹುಪಾಲು ನಿಮ್ಮ ಅಕ್ಕನಿಗೆ ಸಂಬಂಧಿಸಿದ್ದಲ್ಲ. ಇದು ಕುಡಿತದಿಂದ ಲಿವರ್ ಕೆಟ್ಟು ಬಂದದ್ದಲ್ಲ ಎಂಬುದನ್ನು ನೆಂಟರಿಗೆ ತಿಳಿಸಿಬಿಡಿ, ಗುಸುಗುಸು ನಿಲ್ಲಲಿ.

‘ನಾಲ್ಕನೆಯ ಹಂತ’ ಎಂದು ಕೇಳಿದೊಡನೆ ಮನೆಯವರು ಕೈಚೆಲ್ಲುತ್ತಾರೆ. ಉಳಿದ ಎಷ್ಟೋ ಕ್ಯಾನ್ಸರುಗಳಲ್ಲಿ ಅದಕ್ಕೆ ಕಾರಣವೂ ಇದೆ. ದೊಡ್ಡ ಕರುಳಿನದು ಮಾತ್ರ ಇದಕ್ಕೆ ಹೊರತು. ಈ ಕ್ಯಾನ್ಸರ್ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಂದಲ್ಲ ಒಂದು ಘಟ್ಟದಲ್ಲಿ ಅದು ಲಿವರ್‌ಗೆ ಹರಡುತ್ತದೆ. ಅವರಲ್ಲಿ ಐವರಲ್ಲಿ ಒಬ್ಬರಿಗೆ ಆರಂಭದಲ್ಲೇ ಶಸ್ತ್ರಚಿಕಿತ್ಸೆ ಸಾಧ್ಯ. ಕೀಮೋದಿಂದ ಗಡ್ಡೆ ಕುಗ್ಗಿ ಇನ್ನಷ್ಟು ಮಂದಿ ಆ ಸಾಲಿಗೆ ಸೇರುತ್ತಾರೆ. ಕಲೆಗಳನ್ನು ಪೂರ್ತಿಯಾಗಿ ತೆಗೆಯಲಾದವರಲ್ಲಿ ಒಳ್ಳೆಯ ಕೇಂದ್ರಗಳ ಲೆಕ್ಕದಂತೆ ನೂರಕ್ಕೆ ಸುಮಾರು 40 ಮಂದಿ ಐದು ವರ್ಷದ ನಂತರವೂ ಬದುಕಿರುತ್ತಾರೆ. ಹಾಗೆಂದು ಸುಳ್ಳು ಭರವಸೆ ಬೇಡ: ಹೆಚ್ಚಿನವರಲ್ಲಿ ರೋಗ ಮತ್ತೆ ತಲೆಯೆತ್ತುತ್ತದೆ, ಕೆಲವರಿಗೆ ಎರಡನೆಯ ಸಲ ಲಿವರ್ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಮತ್ತೆಂದೂ ರೋಗ ಮರಳದವರೂ ಇದ್ದಾರೆ. ನಿಮ್ಮ ಅಕ್ಕ ಯಾವ ಸಾಲಿನವರೆಂದು ಈ ಪತ್ರ ಓದಿ ಹೇಳಲು ಯಾರಿಗೂ ಆಗದು.

ಸರ್ಜನ್ ಫಿಲ್ಮ್ ಹಿಡಿದು ಕಲೆಗಳನ್ನಷ್ಟೇ ಎಣಿಸುವುದಿಲ್ಲ. ತೆಗೆದ ಮೇಲೆ ಉಳಿಯುವ ಲಿವರ್ ಎಷ್ಟು, ಅದಕ್ಕೆ ರಕ್ತ ಬರುವ, ರಕ್ತ ಹೋಗುವ, ಪಿತ್ತ ಹರಿಯುವ ದಾರಿಗಳು ಸರಿಯಾಗಿ ಉಳಿಯುತ್ತವೆಯೇ ಎಂದು ನೋಡುತ್ತಾರೆ. ಆರೋಗ್ಯವಂತ ಲಿವರ್ ಆದರೆ ನಾಲ್ಕನೆಯ ಒಂದು ಭಾಗ ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ ಉಳಿದರೂ ಸಾಕು. ಕೀಮೋ ಆಗಿದ್ದರೆ ಶೇ. 30 ಬೇಕು, ಸಿರೋಸಿಸ್ ಇದ್ದರೆ ಶೇ. 40. ಉಳಿಯುವ ಭಾಗ ಸಾಲದು ಎಂದಾದರೆ ಕತ್ತರಿಸಲಿರುವ ಭಾಗಕ್ಕೆ ಹೋಗುವ ಪೋರ್ಟಲ್ ರಕ್ತನಾಳವನ್ನು ಮೊದಲೇ ಮುಚ್ಚಿ, ಇನ್ನೊಂದು ಬದಿ ಬೆಳೆಯಲು ನಾಲ್ಕಾರು ವಾರ ಬಿಡುವುದುಂಟು. ಚಿಕ್ಕ ಕಲೆಗಳನ್ನು ಸೂಜಿ ಹಾಕಿ ಶಾಖದಿಂದ ಸುಡಬಹುದು. ಮೂರು ಸೆಂ.ಮೀ. ಒಳಗಿನ ಕಲೆಗಳಲ್ಲಿ ಈ ವಿಧಾನ ಶಸ್ತ್ರಚಿಕಿತ್ಸೆಗೆ ಸರಿಸಾಟಿ ಎಂದು 2024ರಲ್ಲಿ ಮಂಡನೆಯಾದ ‘ಕೊಲಿಷನ್’ ಎಂಬ ಡಚ್ ನೇತೃತ್ವದ ಅಧ್ಯಯನ ತೋರಿಸಿದೆ. ಬಲಗಡೆಯ ಎರಡನ್ನು ಕತ್ತರಿಸಿ ಎಡಗಡೆಯ ಒಂದನ್ನು ಸುಡುವಂತಹ ಜಂಟಿ ಯೋಜನೆಗಳೂ ನಡೆಯುತ್ತವೆ. ನಿಮ್ಮ ಅಕ್ಕನಲ್ಲಿ ದೊಡ್ಡದೇ 3.2 ಸೆಂ.ಮೀ. ಆದ್ದರಿಂದ ಈ ಎಲ್ಲ ಮಾತೂ ಇಲ್ಲಿ ಪ್ರಸ್ತುತ.

ಸರ್ಜನ್ ಈಗಲೇ ನೋಡಲಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ‘ಆರೆಂಟು ಕೀಮೋ ಆಗಲಿ, ಆಮೇಲೆ ನೋಡೋಣ’ ಎಂಬ ಮಾತು ಕೇಳಲು ಹಿತವಾಗಿರುತ್ತದೆ. ಆದರೆ ಕೀಮೋ ಲಿವರ್‌ಗೂ ಪೆಟ್ಟು ಕೊಡುತ್ತದೆ. ಆಕ್ಸಾಲಿಪ್ಲಾಟಿನ್ ಅದರ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುತ್ತದೆ, ಇನ್ನೊಂದು ಕೀಮೋ ಔಷಧವಾದ ಇರಿನೊಟೆಕಾನ್ ಕೊಬ್ಬು ತುಂಬಿಸಿ ಉರಿಯೂತ ತರಬಹುದು. ಇನ್ನೊಂದು ತೊಡಕು ಮೇಲ್ನೋಟಕ್ಕೆ ಶುಭವಾರ್ತೆಯಂತೆ ಬರುತ್ತದೆ: ಕೀಮೋದಿಂದ ಚಿಕ್ಕ ಕಲೆ ಸ್ಕ್ಯಾನ್‌ನಲ್ಲಿ ಮಾಯವಾಗುತ್ತದೆ. ಮನೆಯವರು ಪೇಢೆ ಹಂಚುತ್ತಾರೆ. ಸ್ಕ್ಯಾನ್‌ಗೆ ಕಾಣದ ಆ ಜಾಗದಲ್ಲಿ ಜೀವಂತ ಕ್ಯಾನ್ಸರ್ ಕಣಗಳು ಎಷ್ಟೋ ಸಲ ಉಳಿದಿರುತ್ತವೆ, ಎಲ್ಲಿ ಕತ್ತರಿಸಬೇಕೆಂಬ ಗುರುತು ಮಾತ್ರ ಸರ್ಜನ್‌ಗೆ ಸಿಗದಾಗುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ಸಾಧ್ಯತೆ ಇರುವವರಿಗೆ ಕೀಮೋ ಮೊದಲು ಕೊಟ್ಟರೂ ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೆ ನಿಲ್ಲಿಸಿ, ಮತ್ತೆ ಸ್ಕ್ಯಾನ್ ಮಾಡಿ ನಿರ್ಧಾರ ತೆಗೆದುಕೊಳ್ಳುತ್ತಾರೆ. ಅನಂತರ ಔಷಧದ ಅಮಲು ಇಳಿಯಲು ಕೆಲವು ವಾರ ಬಿಟ್ಟು ಶಸ್ತ್ರಚಿಕಿತ್ಸೆ.

ಈಗ ವಿಳಂಬದ ವಿಷಯ. ನಿಮ್ಮ ಪತ್ರದಲ್ಲಿ ಎರಡು ವಿಳಂಬಗಳು ಒಂದೇ ದುಃಖವಾಗಿ ಬೆರೆತಿವೆ. ಅವನ್ನು ಬಿಡಿಸಿ ನೋಡಬೇಕು.

ಪ್ಲೇಟ್‌ಲೆಟ್‌ಗಾಗಿ ಕೀಮೋ ಮುಂದೂಡಿದ್ದು ಸರಿಯಾದ ವಿಳಂಬ. ಆಕ್ಸಾಲಿಪ್ಲಾಟಿನ್ ಇರುವ ಕೀಮೋಗೆ ಸಾಮಾನ್ಯವಾಗಿ 75,000 ಆದರೂ ಇರಬೇಕೆನ್ನುತ್ತಾರೆ. 68,000 ಇದ್ದಾಗ ತಡೆದ ವೈದ್ಯರ ಮೇಲೆ ಸಿಟ್ಟಾಗಬೇಡಿ. ಆದರೆ ಎರಡು ಸಲ ತಡೆದರೂ ‘ಏಕೆ ಏರುತ್ತಿಲ್ಲ’ ಎಂದು ಯಾರೂ ಕೇಳದಿದ್ದರೆ ಅದು ಕೊರತೆಯೇ. ಕಳೆದ ವರ್ಷದ ಆಕ್ಸಾಲಿಪ್ಲಾಟಿನ್‌ನಿಂದ ಲಿವರ್‌ನ ಸೂಕ್ಷ್ಮ ನಾಳಗಳು ಕೆಟ್ಟಿದ್ದರೆ ಗುಲ್ಮ (ಸ್ಪ್ಲೀನ್) ಹಿಗ್ಗಿ ಪ್ಲೇಟ್‌ಲೆಟ್ ತಗ್ಗಿಯೇ ಉಳಿಯುತ್ತದೆ. ಹಳೆಯ ಸ್ಕ್ಯಾನ್ ಮತ್ತು ಹೊಸ ಸ್ಕ್ಯಾನ್‌ಗಳಲ್ಲಿ ಗುಲ್ಮದ ಅಳತೆ ಎಷ್ಟಿದೆ ಎಂದು ನೋಡಿಸಿ. ಗುಲ್ಮ ಹಿಗ್ಗಿದ್ದರೆ ಔಷಧವನ್ನೂ ಶಸ್ತ್ರಚಿಕಿತ್ಸೆಯ ಲೆಕ್ಕವನ್ನೂ ಮರುಯೋಚಿಸಬೇಕಾಗುತ್ತದೆ. ಪಪ್ಪಾಯಿ ಎಲೆಯ ರಸದಿಂದ ಇದು ಸರಿಹೋಗುವಂಥದ್ದಲ್ಲ. ಔಷಧ ಮುಗಿದ ಎಂಟೇ ತಿಂಗಳಲ್ಲಿ ರೋಗ ಮರಳಿದ್ದರೆ ಅದೇ ಔಷಧವನ್ನು ಮತ್ತೆ ಕೊಡುವುದು ಸೂಕ್ತವೇ, ಇರಿನೊಟೆಕಾನ್ ಆಧರಿಸಿದ್ದಕ್ಕೆ ಬದಲಿಸಬೇಕೇ ಎಂಬುದೂ ನ್ಯಾಯವಾದ ಪ್ರಶ್ನೆ. ನಾನಾಗಿದ್ದರೆ ಎರಡನೆಯ ಅಭಿಪ್ರಾಯದಲ್ಲಿ ಇದನ್ನು ಖಂಡಿತ ಕೇಳುತ್ತಿದ್ದೆ.

ಎಂಆರ್‌ಐಗಾಗಿ ಮೂರು ವಾರ ಕಾಯುವುದು ಬೇರೆ ಬಗೆ. ಅದರಿಂದ ನಿಮ್ಮ ಅಕ್ಕನ ದೇಹಕ್ಕೆ ಏನೂ ಲಾಭವಿಲ್ಲ. ಅದು ಬರೀ ಸರದಿ. ದೊಡ್ಡ ಸರ್ಕಾರಿ ಅಥವಾ ಟ್ರಸ್ಟ್ ಆಸ್ಪತ್ರೆಗಳಲ್ಲಿ ಯಂತ್ರ ಕೆಲವೇ, ರೋಗಿಗಳು ದೇಶದ ಮೂಲೆಮೂಲೆಯಿಂದ ಬಂದವರು. ಇಲ್ಲಿ ಜಗಳಕ್ಕಿಂತ ಉಪಾಯ ಮೇಲು. ಆ ಆಸ್ಪತ್ರೆಯ ಒಪಿಡಿಯಲ್ಲಿ ‘ಹೊರಗಿನ ಎಂಆರ್‌ಐ ಒಪ್ಪುತ್ತೀರಾ, ಯಾವ ಬಗೆಯದು ಬೇಕು’ ಎಂದು ಕೇಳಿ, ಚೀಟಿಯ ಮೇಲೆ ಬರೆಸಿಕೊಳ್ಳಿ. ಹೆಚ್ಚಿನವರು ಒಪ್ಪುತ್ತಾರೆ. ಲಿವರ್‌ನ ಜೀವಕೋಶಗಳು ಹೀರಿಕೊಳ್ಳುವ ವಿಶೇಷ ಕಾಂಟ್ರಾಸ್ಟ್ (ಸ್ಕ್ಯಾನ್ ವೇಳೆ ರಕ್ತನಾಳಕ್ಕೆ ಚುಚ್ಚುವ ದ್ರವ) ಒಂದಿದೆ, ಗ್ಯಾಡಾಕ್ಸೆಟೇಟ್ ಎನ್ನುತ್ತಾರೆ. ಚಿಕ್ಕ ಕಲೆಗಳನ್ನು ಹಿಡಿಯಲು ಅದು ಬಹಳ ನೆರವಾಗುತ್ತದೆ. ಎಲ್ಲ ಸ್ಕ್ಯಾನ್ ಸೆಂಟರ್‌ಗಳಲ್ಲೂ ಅದನ್ನು ತಾನಾಗಿ ಹಾಕುವುದಿಲ್ಲ, ಕೇಳಬೇಕು. ಮುಂಬಯಿ, ಠಾಣೆಗಳಲ್ಲಿ ಖಾಸಗಿ ಸೆಂಟರ್‌ಗಳಿಗೆ ಕೊರತೆಯಿಲ್ಲ. ದುಡ್ಡು ಹೆಚ್ಚಾಗುತ್ತದೆ, ನಿಜ. ಖರ್ಚು ಮಾಡಲೇಬೇಕಾದ ಜಾಗ ಯಾವುದೆಂದು ನನ್ನನ್ನು ಕೇಳಿದರೆ ಇನ್ನೊಂದು ಪೆಟ್ ಸ್ಕ್ಯಾನ್‌ಗಿಂತ ಇದನ್ನೇ ಹೇಳುತ್ತೇನೆ. ಪೆಟ್ ಸ್ಕ್ಯಾನ್ ದೇಹದಲ್ಲಿ ಬೇರೆಲ್ಲಿ ಹರಡಿದೆ ಎಂದು ಹೇಳುತ್ತದೆ. ಕತ್ತರಿಸುವ ಗೆರೆ ಎಳೆಯಲು ಅದೊಂದೇ ಸಾಲದು. ಎಂಆರ್‌ಐ ತಾರೀಖಿಗೆ ಕಾಯುತ್ತ ಸರ್ಜನ್ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳದೆ ಇರಬೇಡಿ. ಎರಡನ್ನೂ ಒಟ್ಟಿಗೇ ಓಡಿಸಿ. ಮನೆಗಳಲ್ಲಿ ಅತಿ ಹೆಚ್ಚು ದಿನ ಸೋರಿಹೋಗುವುದು ಒಂದು ಮುಗಿದ ಮೇಲೆ ಇನ್ನೊಂದು ಎಂದು ಕೂರುವುದರಲ್ಲೇ.

ಎಷ್ಟು ದಿನ ಕಾಯಬಹುದು? 2020ರಲ್ಲಿ ‘ಬಿಎಂಜೆ’ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯೊಂದು ಏಳು ಬಗೆಯ ಕ್ಯಾನ್ಸರುಗಳನ್ನು ನೋಡಿ, ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ. 6ರಿಂದ 8ರಷ್ಟು ಏರುತ್ತದೆ ಎಂದು ತೋರಿಸಿತು. ಅದು ಲಿವರ್‌ಗೆ ಹರಡಿದ ಕಲೆಗಳ ಲೆಕ್ಕವಲ್ಲ, ಹಾಗಾಗಿ ನಿಮ್ಮ ಅಕ್ಕನಿಗೆ ನೇರವಾಗಿ ಅಂಟಿಸಬೇಡಿ. ಅದರಿಂದ ತಿಳಿಯಬೇಕಾದದ್ದು ಇಷ್ಟು: ಎಚ್ಚರದಿಂದ ಬಳಸಿದ ಎರಡು ಮೂರು ವಾರದಿಂದ ಆಗುವ ಹಾನಿ ಅಲ್ಪ, ತಪ್ಪು ಯೋಜನೆಯಿಂದ ಆಗುವ ಹಾನಿ ದೊಡ್ಡದು. ಯಾರೂ ಕೇಳದೆ ಸರಿದುಹೋಗುವ ಮೂರು ತಿಂಗಳು ಮಾತ್ರ ನಿಜಕ್ಕೂ ಅಪಾಯ. ಎರಡನೆಯ ಅಭಿಪ್ರಾಯಕ್ಕೆ ಗಡುವು ಹಾಕಿಕೊಳ್ಳಿ, ಇಂದಿನಿಂದ ಮೂರು ವಾರ ಸಾಕು. ಅಷ್ಟರಲ್ಲಿ ಪ್ಲೇಟ್‌ಲೆಟ್ ಏರಿ ಈಗಿನ ವೈದ್ಯರು ಕೀಮೋಗೆ ಕರೆದರೆ, ‘ಸರ್ಜನ್ ನೋಡುವವರೆಗೆ ತಡೆಯಬಹುದೇ, ಕೊಟ್ಟರೆ ಏನು ಕೊಡುತ್ತೀರಿ’ ಎಂದು ಅವರನ್ನೇ ಕೇಳಿ. ಇದಕ್ಕೆ ಫೋನಿನಲ್ಲೇ ಉತ್ತರ ಸಿಗುತ್ತದೆ. ಎಂಆರ್‌ಐ ಆಗಿ ನಾಲ್ಕಾರು ವಾರ ಮೀರಿದರೆ ಶಸ್ತ್ರಚಿಕಿತ್ಸೆಗೆ ಮುನ್ನ ಮತ್ತೆ ಮಾಡಿಸಬೇಕಾಗುತ್ತದೆ, ಅದೂ ನೆನಪಿರಲಿ.

ಕೆಲವು ಸಂಗತಿಗಳಿಗೆ ಗಡುವೇ ಇಲ್ಲ, ಆ ಹೊತ್ತಿಗೇ ಆಸ್ಪತ್ರೆ ಸೇರಬೇಕು. ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಮಲ ಮತ್ತು ಗಾಳಿ ಎರಡೂ ನಿಲ್ಲುವುದು. ರಕ್ತವಾಂತಿ, ಕಪ್ಪು ಮಲ. ಮಂಪರು, ಅಸಂಬದ್ಧ ಮಾತು. ಎಲ್ಲಕ್ಕಿಂತ ಮುಖ್ಯವಾಗಿ, ಕೀಮೋ ಆಗಿರುವವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಮೇಲಿನ ಜ್ವರ. ಮಳೆಗಾಲದ ಮುಂಬಯಿಯಲ್ಲಿ ‘ಎಲ್ಲರಿಗೂ ಬಂದಿದೆ, ನಾಳೆ ಇಳಿಯುತ್ತದೆ’ ಎಂದು ಪ್ಯಾರಾಸಿಟಮಾಲ್ ನುಂಗಿಸಿ ಮಲಗಿಸುವುದು ರೂಢಿ. ಬಿಳಿರಕ್ತಕಣ ತಗ್ಗಿದವರಲ್ಲಿ ಆ ಒಂದು ರಾತ್ರಿಯೇ ಪ್ರಾಣಕ್ಕೆ ಕುತ್ತು ತರಬಹುದು. ಜುಲೈ, ಆಗಸ್ಟ್‌ನಲ್ಲಿ ಹಳಿ ಮುಳುಗಿ ಲೋಕಲ್ ನಿಂತರೆ ಡೊಂಬಿವಲಿಯಿಂದ ದೊಡ್ಡ ಆಸ್ಪತ್ರೆಗಳಿರುವ ಪರೇಲ್ ತಲುಪಲಾಗದು. ಆದ್ದರಿಂದ ರಾತ್ರಿ ಹೊತ್ತು ರಕ್ತಪರೀಕ್ಷೆ, ಆ್ಯಂಟಿಬಯೊಟಿಕ್ ಡ್ರಿಪ್ ಎರಡೂ ಸಿಗುವ ಹತ್ತಿರದ ಆಸ್ಪತ್ರೆ ಯಾವುದೆಂದು ಇವತ್ತೇ ಗೊತ್ತುಮಾಡಿಕೊಳ್ಳಿ. ಕೀಮೋದ ವಿವರ ಬರೆದ ಒಂದು ಪುಟ ಭಾವನ ಜೇಬಿನಲ್ಲಿರಲಿ.

ಎರಡನೆಯ ಅಭಿಪ್ರಾಯಕ್ಕೆ ಹೋಗುವಾಗ ಫೈಲ್ ಎಷ್ಟು ದಪ್ಪ ಎನ್ನುವುದಕ್ಕಿಂತ ಅದರಲ್ಲಿ ಏನಿದೆ ಎಂಬುದು ಮುಖ್ಯ. ರಿಪೋರ್ಟ್ ಕಾಗದ ಓದಿ ಲಿವರ್ ಸರ್ಜನ್ ಏನೂ ಹೇಳಲಾರರು. ಸ್ಕ್ಯಾನ್‌ನ ಸಿಡಿ ಬೇಕು, ಹಳೆಯದೂ ಹೊಸದೂ. ಮೊದಲ ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಡಿಸ್ಚಾರ್ಜ್ ಸಾರಾಂಶ, ಕೀಮೋ ಯಾವ ದಿನ ಎಷ್ಟು ಪ್ರಮಾಣದಲ್ಲಿ ಕೊಟ್ಟರೆಂಬ ಚಾರ್ಟ್, ಸಿಇಎ ಏರಿದ ಕ್ರಮ, ಇತ್ತೀಚಿನ ರಕ್ತಪರೀಕ್ಷೆ. ಜನ ಮರೆಯುವುದು ಸ್ಲೈಡ್ ಮತ್ತು ಬ್ಲಾಕ್‌ಗಳನ್ನು. ಕಳೆದ ವರ್ಷ ತೆಗೆದ ಗಡ್ಡೆಯ ತುಣುಕುಗಳು ಮೇಣದಲ್ಲಿ ಹುದುಗಿ ಆ ಆಸ್ಪತ್ರೆಯ ಪೆಥಾಲಜಿಯಲ್ಲಿ ಇರುತ್ತವೆ. ಅರ್ಜಿ ಕೊಟ್ಟು ಪಡೆಯಬಹುದು. ಕೆಆರ್‌ಎಎಸ್, ಎನ್‌ಆರ್‌ಎಎಸ್, ಬಿಆರ್‌ಎಎಫ್, ಎಂಎಸ್‌ಐ ಎಂಬ ಜೀನ್ ಪರೀಕ್ಷೆಗಳನ್ನು ಆ ಬ್ಲಾಕ್ ಮೇಲೇ ಮಾಡಬಹುದು. ನಿಮ್ಮ ಪತ್ರದಲ್ಲಿ ಇವುಗಳ ಸುದ್ದಿಯೇ ಇಲ್ಲ. ಎಡಭಾಗದ ಕರುಳಿನ ಕ್ಯಾನ್ಸರಿನಲ್ಲಿ ಆರ್‌ಎಎಸ್, ಬಿಆರ್‌ಎಎಫ್ ಜೀನ್‌ಗಳು ಬದಲಾಗದೆ ಇದ್ದರೆ ಸಿಟುಕ್ಸಿಮ್ಯಾಬ್, ಪ್ಯಾನಿಟುಮುಮ್ಯಾಬ್‌ನಂತಹ ಔಷಧ ಕೀಮೋ ಜೊತೆ ಸೇರಿ ಕಲೆಗಳನ್ನು ಚೆನ್ನಾಗಿ ಕುಗ್ಗಿಸಬಲ್ಲದು. ಎಂಎಸ್‌ಐ ಹೆಚ್ಚಿದ್ದರೆ ಇಮ್ಯುನೋಥೆರಪಿಯ ದಾರಿ ತೆರೆಯುತ್ತದೆ. ಈ ಫಲಿತಾಂಶಗಳಿಲ್ಲದೆ ಯಾರು ಕೊಟ್ಟ ಅಭಿಪ್ರಾಯವೂ ಅರೆಬರೆಯೇ.

ಈ ನಡುವೆ ಯಾರಾದರೂ ಲಿವರ್ ಬಯಾಪ್ಸಿ ಮಾಡೋಣ ಎಂದರೆ, ಸರ್ಜನ್ ನೋಡಿದ ಮೇಲೆ ಎನ್ನಿ. ಚಿತ್ರ ಸ್ಪಷ್ಟವಾಗಿದ್ದು ತೆಗೆಯಲು ಬರುವಂತಿದ್ದರೆ ಎಷ್ಟೋ ಸಲ ಸೂಜಿ ಚುಚ್ಚುವುದೇ ಬೇಡ. ಸೂಜಿಯ ದಾರಿಯಲ್ಲಿ ಕಣಗಳು ಹರಡುವ ಸಣ್ಣ ಅಪಾಯ ಇದೆ. ಸ್ತನದ ಕ್ಯಾನ್ಸರಿನಿಂದ ಲಿವರ್‌ಗೆ ಬಂದವರ ಕಥೆ ಬೇರೆ. ಅಲ್ಲಿ ಹಾರ್ಮೋನ್ ಮತ್ತು ಹೆರ್-2 ಗುಣಗಳು ಬದಲಾಗಿರಬಹುದಾದ್ದರಿಂದ ಬಯಾಪ್ಸಿ ಉಪಯುಕ್ತ. ಇದನ್ನು ಓದುವ ಇತರರು ತಮ್ಮ ರೋಗದ ಮೂಲ ಯಾವುದೆಂದು ನೋಡಿಕೊಳ್ಳಲಿ.

ದಾಖಲೆ ಕೇಳಲು ಸಂಕೋಚವೇ ಬೇಡ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದಂತೆ ಕೇಳಿದ 72 ಗಂಟೆಗಳಲ್ಲಿ ದಾಖಲೆಗಳನ್ನು ಕೊಡಬೇಕು. ಎರಡನೆಯ ಅಭಿಪ್ರಾಯ ಪಡೆಯುವುದನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೇ ಸೇರಿಸಿದ್ದಾರೆ. ಹಕ್ಕಿನ ಭಾಷೆಯಲ್ಲಿ ಮಾತು ಶುರು ಮಾಡಬೇಡಿ, ಅಷ್ಟೇ. ಭಾವ ಹೀಗೆ ಹೇಳಲಿ: ‘ಡಾಕ್ಟರೇ, ನಿಮ್ಮ ಮೇಲೆ ನಂಬಿಕೆ ಇದೆ. ಶಸ್ತ್ರಚಿಕಿತ್ಸೆ ಸಾಧ್ಯವೇ ಎಂದು ಒಬ್ಬ ಲಿವರ್ ಸರ್ಜನ್ ಹತ್ತಿರ ಕೇಳಬೇಕೆಂದಿದ್ದೇವೆ. ಒಂದು ರೆಫರಲ್ ಪತ್ರ ಬರೆದುಕೊಡುತ್ತೀರಾ?’ ವೈದ್ಯರಾದ ನಮ್ಮಲ್ಲಿ ಹೆಚ್ಚಿನವರು ಬರೆದುಕೊಡುತ್ತೇವೆ. ಕಠಿಣ ಕೇಸುಗಳನ್ನು ನಾವೇ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತೇವೆ. ಕೆಲವರು ಮುಖ ಗಂಟಿಕ್ಕುತ್ತಾರೆ, ಇಲ್ಲವೆನ್ನುವುದಿಲ್ಲ. ಹಾಗೆ ಗಂಟಿಕ್ಕಿದರೂ ದಾಖಲೆ ಪಡೆದು ಬನ್ನಿ, ಸಂಬಂಧ ಕಡಿದುಕೊಳ್ಳಬೇಡಿ. ನಾಳೆ ರಾತ್ರಿ ಜ್ವರ ಬಂದರೆ ಹೋಗಬೇಕಾದದ್ದು ಬಹುಶಃ ಅವರ ಬಳಿಗೇ. ಮುಚ್ಚಿಟ್ಟು ಎರಡು ಕಡೆ ಚಿಕಿತ್ಸೆ ನಡೆಸುವುದು ಮಾತ್ರ ಬೇಡವೇ ಬೇಡ.

ಎಲ್ಲಿಗೆ ಹೋಗುವುದು? ಮುಂಬಯಿಯಲ್ಲಿದ್ದುಕೊಂಡು ಇದಕ್ಕಾಗಿ ಪರದಾಡಬೇಕಿಲ್ಲ. ಪರೇಲ್‌ನ ಟಾಟಾ ಮೆಮೋರಿಯಲ್ 1941ರಿಂದ ಇದೆ. ಅಲ್ಲಿ ಜೀರ್ಣಾಂಗದ ಕ್ಯಾನ್ಸರುಗಳನ್ನು ಸರ್ಜನ್, ಕೀಮೋ ತಜ್ಞ, ರೇಡಿಯಾಲಜಿಸ್ಟ್ ಸೇರಿ ನೋಡುವ ಪದ್ಧತಿ ಇದೆ; ಹೊರಗಿನ ಸ್ಲೈಡ್‌ಗಳನ್ನು ಅವರ ಪೆಥಾಲಜಿಯವರು ಮರುಪರಿಶೀಲಿಸುತ್ತಾರೆ. ಸಾಮಾನ್ಯ ವರ್ಗ, ಪ್ರೈವೇಟ್ ವರ್ಗ ಎಂದು ನೋಂದಣಿ ಬೇರೆ ಬೇರೆ. ಅದರದೇ ಇನ್ನೊಂದು ಕೇಂದ್ರ ಖಾರ್ಘರ್‌ನಲ್ಲಿದೆ. ನಿಮಗೆ ಠಾಣೆಯಲ್ಲಿ ಇಳಿದು ಪನ್ವೇಲ್ ಕಡೆಯ ಲೋಕಲ್ ಹಿಡಿದರಾಯಿತು. ಅಂದಹಾಗೆ ಮುಂಬಯಿ ಲೋಕಲ್‌ನ ದಿವ್ಯಾಂಗರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳೂ ಪ್ರಯಾಣಿಸಬಹುದು, ಆಸ್ಪತ್ರೆಯ ಕಾಗದ ಜೊತೆಗಿರಲಿ. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲೂ ಲಿವರ್ ಸರ್ಜನ್‌ಗಳಿದ್ದಾರೆ. ಹೆಸರಿಗಿಂತ ಈ ಎರಡು ಪ್ರಶ್ನೆ ಕೇಳಿ: ಈ ತಂಡ ಲಿವರ್ ಶಸ್ತ್ರಚಿಕಿತ್ಸೆಯನ್ನು ನಿತ್ಯದ ಕೆಲಸವಾಗಿ ಮಾಡುತ್ತದೆಯೇ? ನಮ್ಮ ಕೇಸನ್ನು ತಜ್ಞರೆಲ್ಲ ಸೇರಿ ಚರ್ಚಿಸುವ ಟ್ಯೂಮರ್ ಬೋರ್ಡ್‌ನಲ್ಲಿ ಇಡುತ್ತೀರಾ, ಇಟ್ಟರೆ ತೀರ್ಮಾನವನ್ನು ಬರೆದು ಕೊಡುತ್ತೀರಾ?

ಚಿಕ್ಕಮ್ಮನ ಮಾತನ್ನು ತಳ್ಳಿಹಾಕಬೇಡಿ. ಮಂಗಳೂರು, ಮಣಿಪಾಲಗಳಲ್ಲಿ ಒಳ್ಳೆಯ ಕ್ಯಾನ್ಸರ್ ವಿಭಾಗಗಳಿವೆ. ಊರಿನಲ್ಲಿ ನೋಡಿಕೊಳ್ಳುವ ಕೈಗಳಿವೆ, ಬಾಡಿಗೆ ಮನೆಯ ಮೂರನೆಯ ಮಹಡಿ ಹತ್ತುವ ಕಷ್ಟವಿಲ್ಲ, ಅಕ್ಕನಿಗೆ ಭಾಷೆಯ ತೊಡಕಿಲ್ಲ. ತಿಂಗಳುಗಟ್ಟಲೆ ನಡೆಯುವ ಚಿಕಿತ್ಸೆಯಲ್ಲಿ ಇವು ಚಿಕ್ಕ ಸಂಗತಿಗಳಲ್ಲ. ನನ್ನ ಸಲಹೆ ಇದು: ಶಸ್ತ್ರಚಿಕಿತ್ಸೆ ಆಗುತ್ತದೆಯೇ ಎಂಬ ತೀರ್ಮಾನವನ್ನು ಮುಂಬಯಿಯಲ್ಲೇ ಮಾಡಿಸಿಕೊಳ್ಳಿ. ಆ ಯೋಜನೆಯನ್ನು ಹಿಡಿದು ಕೀಮೋವನ್ನು ಊರಿನಲ್ಲಿ ಮಾಡಿಸುವುದು ಸುಲಭ. 2012ರಲ್ಲಿ ಶುರುವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ದೇಶದ ನೂರಾರು ಕೇಂದ್ರಗಳನ್ನು ಒಂದೇ ಬಗೆಯ ಮಾರ್ಗಸೂಚಿಗಳಿಗೆ ಜೋಡಿಸಿದೆ, ಆದ್ದರಿಂದ ‘ಮುಂಬಯಿಯಲ್ಲೇ ಇರಬೇಕು’ ಎಂಬ ಹಠ ಬೇಡ. ನಡುದಾರಿಯಲ್ಲಿ ಮಾತ್ರ ಬದಲಾಯಿಸಬೇಡಿ. ಒಂದು ಕಡೆ ಅರ್ಧ ತನಿಖೆ, ಇನ್ನೊಂದು ಕಡೆ ಮೊದಲಿನಿಂದ ಎಂದಾದರೆ ಪ್ರತಿ ಬದಲಾವಣೆಗೂ ವಾರಗಳು ಹೋಗುತ್ತವೆ.

ಎರಡು ಅಭಿಪ್ರಾಯಗಳು ಬೇರೆ ಬೇರೆ ಬಂದರೆ ‘ಯಾರು ದೊಡ್ಡವರು’ ಎಂದು ತೂಗಬೇಡಿ. ‘ಏಕೆ’ ಎಂದು ಇಬ್ಬರನ್ನೂ ಕೇಳಿ. ಒಬ್ಬರು ಹೊಸ ಎಂಆರ್‌ಐ ನೋಡಿ ಹೇಳಿದ್ದು, ಇನ್ನೊಬ್ಬರು ಹಳೆಯ ಪೆಟ್ ರಿಪೋರ್ಟ್ ಓದಿ ಹೇಳಿದ್ದು ಎಂದಾದರೆ ಅದು ಭಿನ್ನಾಭಿಪ್ರಾಯವೇ ಅಲ್ಲ. ಒಬ್ಬರು ಮೊದಲು ಕೀಮೋ, ಆಮೇಲೆ ಕತ್ತರಿ ಎಂದು, ಇನ್ನೊಬ್ಬರು ಮೊದಲು ಕತ್ತರಿ ಎಂದರೆ ಇಬ್ಬರೂ ಸರಿಯಿರಬಹುದು. ಒಬ್ಬರು ‘ಆಗುತ್ತದೆ’, ಇನ್ನೊಬ್ಬರು ‘ಆಗದು’ ಎಂದಾಗ ಮಾತ್ರ ಮೂರನೆಯವರ ಬಳಿ ಹೋಗಲು ಅರ್ಥವಿದೆ. ಅದರಾಚೆ ಬೇಡ. ಫಿಲ್ಮ್ ಬೆಳಕಿಗೆ ಹಿಡಿಯುವ ಮೊದಲೇ ಪ್ಯಾಕೇಜ್ ದರ ಹೇಳುವವರಿಂದ ಎದ್ದು ಬನ್ನಿ. ಕರುಳಿನಿಂದ ಹರಡಿದ ಕಲೆಗಳಿಗೆ ಲಿವರ್ ಕಸಿ ಮಾಡುವ ಬಗ್ಗೆ ಈಚೆಗೆ ಒಳ್ಳೆಯ ಅಧ್ಯಯನಗಳು ಬಂದಿವೆ. ಅದು ಬಹಳ ಸೋಸಿ ಆಯ್ದ ಕೆಲವರಿಗೆ, ಕತ್ತರಿಸಿ ತೆಗೆಯಲಾಗದವರಿಗೆ. ಮೊದಲ ಭೇಟಿಯಲ್ಲೇ ನಿಮ್ಮ ಮುಂದೆ ಆ ಮಾತು ತೆಗೆದರೆ ಅನುಮಾನಿಸಿ.

ದುಡ್ಡಿನ ಬಗ್ಗೆ ಚುಟುಕಾಗಿ. ಮಹಾರಾಷ್ಟ್ರದ ರೇಷನ್ ಕಾರ್ಡ್ ಇದ್ದರೆ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು ಕೇಳಿ, ಅದರಲ್ಲಿ ಕ್ಯಾನ್ಸರ್ ಚಿಕಿತ್ಸೆ ಸೇರಿದೆ. ಎಷ್ಟೋ ನಮ್ಮವರ ಕಾರ್ಡ್ ಇನ್ನೂ ಊರಿನಲ್ಲೇ ಇರುತ್ತದೆ, ಅದು ಇಲ್ಲಿ ನಡೆಯದು. ಮಹಾರಾಷ್ಟ್ರದ ಧರ್ಮಾದಾಯ ಟ್ರಸ್ಟ್ ಆಸ್ಪತ್ರೆಗಳು ಶೇ. 10 ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನು ಶೇ. 10ನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಕೊಡಬೇಕೆಂಬ ನಿಯಮವಿದೆ; ಸಮಾಜಸೇವಾ ವಿಭಾಗದಲ್ಲಿ ವಿಚಾರಿಸಿ. ಮೆಡಿಕ್ಲೇಮ್ ಇದ್ದರೆ ಶಸ್ತ್ರಚಿಕಿತ್ಸೆಯ ತಾರೀಖು ಸಿಕ್ಕಿದ ದಿನವೇ ಒಪ್ಪಿಗೆಗೆ ಕಾಗದ ಕಳುಹಿಸಿ. ಕಾಗದ ತಡವಾಗಿ ತಾರೀಖು ತಪ್ಪಿದ ಕೇಸುಗಳು ನಮ್ಮಲ್ಲಿ ಅಪರೂಪವಲ್ಲ.

ಮಾವನ ಕಷಾಯ ಬೇಡ. ಇದು ಆಯುರ್ವೇದದ ಮೇಲಿನ ಸಿಟ್ಟಲ್ಲ. ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರ್‌ಗೆ ಪೆಟ್ಟಾದುದನ್ನು 2021ರಲ್ಲಿ ಇದೇ ಮುಂಬಯಿಯ ಲಿವರ್ ತಜ್ಞರು ವರದಿ ಮಾಡಿದ್ದಾರೆ. ಕತ್ತರಿಸಿದ ಮೇಲೆ ಉಳಿಯುವ ಲಿವರ್ ಎಷ್ಟು ಗಟ್ಟಿಯಿದೆ ಎಂಬುದರ ಮೇಲೇ ಎಲ್ಲವೂ ನಿಂತಿರುವಾಗ ಅದಕ್ಕೆ ಹೊಸ ಹೊರೆ ಹೊರಿಸುವುದೇಕೆ? ಕಾಮಾಲೆ ಕಂಡರೆ ನಮ್ಮ ಕರಾವಳಿಯಲ್ಲಿ ನೆಲನೆಲ್ಲಿ ಅರೆದು ಕೊಡುತ್ತಾರೆ. ಇಲ್ಲಿ ಕಾಮಾಲೆ ಬಂದರೆ ಪಿತ್ತನಾಳ ಒತ್ತಿಹೋಗಿರಬಹುದು, ಬೇಕಾಗುವುದು ಸ್ಟೆಂಟ್. ಮಾವನಿಗೆ ಏನಾದರೂ ಮಾಡಬೇಕೆಂಬ ತವಕ ಇದ್ದರೆ ಮೊಟ್ಟೆ, ಮೀನು, ಬೇಳೆ ತಿನ್ನಿಸಿ ತೂಕ ಇಳಿಯದಂತೆ ನೋಡಿಕೊಳ್ಳಲಿ, ಸಂಜೆ ಅರ್ಧ ಗಂಟೆ ನಡೆಸಲಿ. ಶಸ್ತ್ರಚಿಕಿತ್ಸೆಗೆ ಇದಕ್ಕಿಂತ ಒಳ್ಳೆಯ ಸಿದ್ಧತೆಯಿಲ್ಲ.

ಅಕ್ಕನಿಗೆ ಹೇಳಿದ ಸೋಂಕಿನ ಕಥೆ ಹೆಚ್ಚು ದಿನ ನಿಲ್ಲದು. ಕಳೆದ ವರ್ಷ ಕೀಮೋ ತೆಗೆದುಕೊಂಡವರಿಗೆ ಈ ವರ್ಷ ಅದೇ ಕೋಣೆ, ಅದೇ ಡ್ರಿಪ್ ಕಂಡಾಗ ತಿಳಿಯದೇ? ಅವರಿಗೆ ಬಹುಶಃ ಗೊತ್ತಿದೆ, ನಿಮಗಾಗಿ ಸುಮ್ಮನಿದ್ದಾರೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರು ಅವರೇ; ಅಪಾಯ ಹೊರುವವರೂ ಅವರೇ. ಹೇಗೆ ಹೇಳುವುದೆಂದು ತೋಚದಿದ್ದರೆ ‘ಸ್ಕ್ಯಾನ್ ಬಗ್ಗೆ ನಿನಗೆ ಎಷ್ಟು ತಿಳಿದುಕೊಳ್ಳಬೇಕೆಂದಿದೆ’ ಎಂದು ಕೇಳಿ. ಆಕೆ ಕೇಳಿದಷ್ಟನ್ನು ಸುಳ್ಳಿಲ್ಲದೆ ಹೇಳಿ. ಸಂಖ್ಯೆಗಳನ್ನು ಕೇಳದಿದ್ದರೆ ಸಂಖ್ಯೆ ಬೇಡ. ನೋವು, ನಿದ್ರೆ, ಹಸಿವಿನ ತೊಂದರೆ ಇದ್ದರೆ ಈಗಲೇ ಪ್ಯಾಲಿಯೇಟಿವ್ ಕ್ಲಿನಿಕ್‌ಗೆ ಕರೆದೊಯ್ಯಿರಿ. ಅದು ಕೊನೆಗಾಲಕ್ಕೆ ಮೀಸಲಾದ ವಿಭಾಗ ಎಂಬುದು ತಪ್ಪು ತಿಳಿವಳಿಕೆ.

ನಿಶ್ಚಿತಾರ್ಥವನ್ನು ಮುಂದೂಡಬೇಡಿ. ದಿನ ಗೊತ್ತಾದ ಕೂಡಲೇ ವೈದ್ಯರಿಗೆ ತಿಳಿಸಿ. ಕೀಮೋ ಆದ ಎರಡನೆಯ ವಾರದಲ್ಲಿ ರಕ್ತಕಣಗಳು ತೀರಾ ತಗ್ಗುವುದರಿಂದ, ಪ್ರಯಾಣ ಆ ವಾರಕ್ಕೆ ಬೀಳದಂತೆ ಡೋಸನ್ನು ನಾಲ್ಕೈದು ದಿನ ಹಿಂದೆ ಮುಂದೆ ಮಾಡುವುದು ಕಷ್ಟವೇನಲ್ಲ. ಶಸ್ತ್ರಚಿಕಿತ್ಸೆ ಆಗಿದ್ದರೆ ಸರ್ಜನ್ ಒಪ್ಪಿದ ಮೇಲೆ ಹೊರಡಿ. ಬಸ್ಸಿಗಿಂತ ಮತ್ಸ್ಯಗಂಧ ರೈಲಿನ ಕೆಳಗಿನ ಬರ್ತ್ ಮೇಲು. ಚಿಕಿತ್ಸೆಗಾಗಿ ಓಡಾಡುವ ಕ್ಯಾನ್ಸರ್ ರೋಗಿಗಳಿಗೂ ಜೊತೆಯವರಿಗೂ ರೈಲ್ವೆಯಲ್ಲಿ ಇರುವ ರಿಯಾಯಿತಿ ಇಂಥ ಪ್ರಯಾಣಕ್ಕೆ ಸಿಗದು, ಆದ್ದರಿಂದ ಟಿಕೆಟ್ ಬೇಗ ಮಾಡಿಸಿ. ಫೈಲ್‌ನ ಒಂದು ಪ್ರತಿ ಜೊತೆಗಿರಲಿ. ಅಲ್ಲಿ ಜ್ವರ ಬಂದರೆ ಹಾಲ್‌ನಿಂದ ನೇರವಾಗಿ ಮಣಿಪಾಲಕ್ಕೆ ಹೋಗಿ, ಮುಂಬಯಿಗೆ ಮರಳುವವರೆಗೆ ಕಾಯಬೇಡಿ.